ಅಮ್ಮ ಹೆಚ್ಚೋ, ಕತ್ತರಿ ಹೆಚ್ಚೋ

ಗುಂಡ ಇನ್ನೂ ‘ಅಮ್ಮ’ ಅಂದಿರಲಿಲ್ಲ.

ಎರಡು ವರ್ಷ ತುಂಬುತ್ತ ಬಂದಿತ್ತು. ಹಲ್ಲು ಬಂದಿದ್ದವು, ನಡಿಗೆ ಬಂದಿತ್ತು, ಹಟವಂತೂ ಎಲ್ಲಕ್ಕಿಂತ ಮುಂಚೆ ಬಂದು ಕಾಲುಚಾಚಿ ಕೂತಿತ್ತು, ಮಾತೊಂದು ಬಂದಿರಲಿಲ್ಲ. ಬೇಕಾದದ್ದನ್ನು ಬೆರಳಲ್ಲಿ ತೋರಿಸಿ ‘ಊಂ’ ಅನ್ನುವುದು, ಬೇಡದ್ದನ್ನು ಕಾಲಲ್ಲಿ ಒದ್ದು ‘ಊಹೂಂ’ ಅನ್ನುವುದು. ಈ ಎರಡರಲ್ಲೇ ಇಡೀ ಮನೆಯ ರಾಜ್ಯಭಾರ ನಡೆಸುತ್ತಿದ್ದವನಿಗೆ ಮಾತಿನ ಹಂಗಾದರೂ ಯಾಕೆ? ಆದರೆ ಹೆತ್ತವಳಿಗೆ ನಿದ್ದೆಯಿರಲಿಲ್ಲ.

ಹೆತ್ತವಳಿಗೆ ಗಂಡ ಇಟ್ಟ ಹೆಸರು ಗಾಬರಿ. (ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಬ್ಯಾಂಕಿನ ಕಾರ್ಡಿನ ಮೇಲೆ ಕ್ಷೇಮವಾಗಿತ್ತು.) ಮಗು ಸೀನಿದರೆ ನ್ಯುಮೋನಿಯಾ ಇರಬಹುದೇ ಅಂತ ಅವಳಿಗೆ ಗಾಬರಿ, ಸೀನದಿದ್ದರೆ, ಯಾಕೆ ಸೀನುತ್ತಿಲ್ಲ ಅಂತ ಇನ್ನೂ ಗಾಬರಿ. ಮನೆಯಲ್ಲೇ ಕೂತು ಶಾಲೆಯ ಪುಸ್ತಕಗಳ ಕರಡು ತಿದ್ದುವುದು ಅವಳ ಉದ್ಯೋಗ. ಒಂದನೇ ತರಗತಿಯ ಪುಸ್ತಕದಲ್ಲಿ ‘ಅ - ಅಮ್ಮ’ ಎಂದು ಕಂಡರೆ ಸಾಕು, ಕಣ್ಣು ಮಂಜಾಗಿ, ಪಕ್ಕದಲ್ಲೇ ‘ಆನೆ’ಯು ‘ಅನೆ’ಯಾಗಿ ನಿಂತದ್ದು ಕಾಣದೆ ಹೋಗುತ್ತಿತ್ತು. ಊರಿನ ಮಕ್ಕಳಿಗೆಲ್ಲ ಅಕ್ಷರ ತಿದ್ದುವವಳ ಮಗನ ಬಾಯಲ್ಲಿ ಒಂದಕ್ಷರವಿಲ್ಲ!

“ಸುಮ್ನಿರಮ್ಮ,” ಅತ್ತೆ ಸಮಾಧಾನ ಹೇಳುತ್ತಿದ್ದರು. “ಇವನಪ್ಪ ಮೂರು ವರ್ಷದವರೆಗೆ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಬಿಟ್ಟೋನು ಇನ್ನೂ ಮುಚ್ಚಿಲ್ಲ. ಸಿಕ್ಕ ಪುಣ್ಯಕಾಲ ಅನುಭವಿಸು.”

ಮಕ್ಕಳ ಮಾತಿನ ಡಾಕ್ಟರಮ್ಮನ ನಂಬರು ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ದಿನಾ ಫೋನು ಕೈಗೆತ್ತಿಕೊಳ್ಳುವಳು, ಕೊನೆಯ ಅಂಕಿಯೊಂದನ್ನು ಬಿಟ್ಟು ಎಲ್ಲ ಒತ್ತುವಳು, ಅಲ್ಲಿಗೆ ನಿಲ್ಲುವಳು. ಡಾಕ್ಟರಮ್ಮ ಏನಾದರೂ ಹೇಳಿಬಿಟ್ಟರೆ? ಫೋನು ಕೆಳಗಿಡುವಳು.

ಮಗು ಮಾತಾಡದಿರಲು ಕಾರಣವೇನೆಂಬುದನ್ನು ಅವಳು ಕಂಡುಹಿಡಿದಾಗಿತ್ತು. ಆ ಮನೆಯಲ್ಲಿ ಮಾತಾಡಲು ಜಾಗವೇ ಇರಲಿಲ್ಲ. ಇದ್ದಬದ್ದ ಜಾಗವನ್ನೆಲ್ಲ ಮಾವ ಮತ್ತು ಗಂಡ ಭರ್ತಿ ಮಾಡಿದ್ದರು.

ಮಾವ ನಿವೃತ್ತ ಬಸ್ ಡ್ರೈವರು. ಗಂಟಲು ಮಾತ್ರ ನಿವೃತ್ತವಾಗಿರಲಿಲ್ಲ. ಗಂಡನದು ಕನ್ನಡಕದ ಅಂಗಡಿ. ಸಂಜೆ ಇಬ್ಬರೂ ಎದುರುಬದುರಾಗಿ ಕೂತರೆಂದರೆ ಒಂದೇ ಮಹಾಪ್ರಶ್ನೆ: ಊರಿನ ಫುಟ್‌ಬಾಲ್ ತಂಡದ ಸಮಸ್ತ ಇತಿಹಾಸದಲ್ಲಿ ಅತಿ ದೊಡ್ಡ ಆಟಗಾರ ಯಾರು? ಗಂಡನ ಪ್ರಕಾರ ‘ಕತ್ತರಿ’ ಎಂಬ ಅಡ್ಡಹೆಸರಿನ ಮುನ್ನುಗ್ಗುವ ಆಟಗಾರ. (ಮದುವೆಯಾದ ಹೊಸತರಲ್ಲಿ “ಕತ್ತರಿ ನುಗ್ಗಿದ್ರೆ ನಾಲ್ಕು ಜನ ನೆಲಕ್ಕೆ!” ಅಂತ ಗಂಡ ಕೂಗಿದ್ದನ್ನು ಕೇಳಿ ಗಾಬರಿ ಮನೆಯ ಕತ್ತರಿಗಳನ್ನೆಲ್ಲ ಬಚ್ಚಿಟ್ಟಿದ್ದಳು.) ಮಾವನ ಪ್ರಕಾರ ಅವರ ಕಾಲದ ಗೋಲ್‌ಕೀಪರ್. “ನಮ್ ಕೀಪರ್ ಮುಂದೆ ನಿನ್ ಕತ್ತರಿ ಉಗುರು ಕತ್ತರಿಸೋಕೂ ಲಾಯಕ್ಕಿಲ್ಲ ಕಣೋ!” “ನಿಮ್ ಕೀಪರ್ ಕಾಲದಲ್ಲಿ ಎದುರಾಳಿಗಳಿಗೆ ಒದೆಯೋಕೇ ಬರ್ತಿರಲಿಲ್ಲ ಬಿಡಿ!” ಹೀಗೆ ಗೋಲು ಗೋಲು ಅಂತ ದಿನಾ ಇವರ ಗೋಳು. ಗಾಬರಿ ಕಿವಿಗೆ ಹತ್ತಿ ಇಟ್ಟುಕೊಂಡು ಕರಡು ತಿದ್ದುವಳು.

ಒಂದು ಸಂಜೆ ಗಂಡ ಜಗಳ ಮುಗಿಸಿ ಹೊರಗೆ ಹೋದೊಡನೆ ಹತ್ತಿ ಕಿತ್ತೆಸೆದು ಎದ್ದು ನಿಂತಳು.

“ಮಾವ, ದೊಡ್ಡವರು ನೀವು, ಹೇಳಬಾರದು. ಆದರೂ ಹೇಳ್ತೀನಿ. ಈ ಮನೇಲಿ ಎರಡು ವರ್ಷದಿಂದ ಆ ಮಗು ಕೇಳಿರೋದು ಬರೀ ಜಗಳ. ಆ ಗಂಟಲನ್ನ ಸ್ವಲ್ಪ ಇವನಿಗೆ ‘ಅಮ್ಮ’ ಅಂತ ಹೇಳಿಕೊಡೋಕಾದ್ರೂ ಉಪಯೋಗಿಸಬಾರದಾ?”

ಮಾವನ ಮುಖದ ಮೇಲೆ ಎಂಥದೋ ಬೆಳಕು ಹರಿಯಿತು.

“ಏನಂತ ಹೇಳಿಕೊಡಬೇಕು ಅಂದೆ?”

“ಅಮ್ಮ ಅಂತ.”

“ನೀನೇ ಹೇಳ್ತಿದೀಯಾ? ಆಮೇಲೆ ಬೇಡ ಅನ್ನಬಾರದು!”

“ಅಯ್ಯೋ, ಯಾಕಂತೀನಿ ಮಾವ!”

“ಕೊಡು ಇಲ್ಲಿ ಮಗೂನ,” ಅಂದವರೇ ಗುಂಡನನ್ನು ಹೆಗಲಿಗೇರಿಸಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಂದಿನಿಂದ ಪಾಠ ಶುರು. ಮುಚ್ಚಿದ ಬಾಗಿಲ ಹಿಂದಿನಿಂದ ಮಾವನ ದನಿ: “ಅಮ್ಮ! ಹೇಳು ಪುಟ್ಟಾ, ಅಮ್ಮ! ಯಾರು ದೊಡ್ಡೋರು? ಅಮ್ಮ!” ಗಾಬರಿ ಬಾಗಿಲಿಗೆ ಕಿವಿಗೊಟ್ಟು ನಿಂತು ಸೆರಗಲ್ಲಿ ಕಣ್ಣೊರೆಸಿಕೊಂಡಳು. ತವರಲ್ಲೂ ಯಾರೂ ತನ್ನನ್ನು ಇಷ್ಟು ಹೊಗಳಿರಲಿಲ್ಲ. ಇಂಥ ಮಾವನನ್ನೇ ತಾನು ‘ಬಸ್ಸಿನ ಹಾರ್ನು’ ಅಂತ ಮನಸ್ಸಲ್ಲಿ ಕರೆಯುತ್ತಿದ್ದೆನಲ್ಲಾ!

ಈ ಸಂಭ್ರಮವನ್ನು ಗಂಡನಿಗೆ ಹೇಳದಿದ್ದರೆ ಹೇಗೆ? ಅವನು ಅಂಗಡಿಯಿಂದ ಬಂದು ಬೂಟು ಬಿಚ್ಚುತ್ತಿರುವಾಗಲೇ ಹೇಳಿದಳು.

“ರೀ, ಮಾವ ಗುಂಡನಿಗೆ ‘ಅಮ್ಮ’ ಅಂತ ಹೇಳಿಕೊಡ್ತಿದಾರೆ!”

ಬಿಚ್ಚಿದ ಬೂಟು ಕೈಯಲ್ಲೇ ಉಳಿಯಿತು. “ಏನಂದೆ? ನನ್ನ ಬೆನ್ನ ಹಿಂದೆ? ಇದು ಮೋಸ!”

“ಮೋಸಾನಾ?”

“ಮತ್ತೇನು? ಬುದ್ಧಿ ತಿಳಿಯದ ಮಗುವಿನ ತಲೆಗೆ ಈಗಲೇ ಅಮ್ಮ ಅಮ್ಮ ಅಂತ ತುಂಬೋದಾ? ನೀನು ಗೊತ್ತಿದ್ದೂ ಸುಮ್ನಿದೀಯಾ?”

ಗಾಬರಿಗೆ ಗಾಬರಿಯಾಯಿತು. “ಮಗು ‘ಅಮ್ಮ’ ಅನ್ನದೆ ಇನ್ನೇನನ್ನಬೇಕು ರೀ?”

“ಅಲ್ಲ ಕಣೇ, ನೀನೇ ಹೇಳು. ಅಮ್ಮ ಮಾಡಿದ್ದಾದ್ರೂ ಏನು? ನಿಂತಲ್ಲೇ ನಿಂತಿರೋದು, ಹತ್ತಿರ ಬಂದದ್ದನ್ನ ಹಿಡ್ಕೊಳ್ಳೋದು. ಓಡೋರು, ಬೆವರು ಸುರಿಸೋರು ಬೇರೆಯವರು!”

ಬೆಳಿಗ್ಗೆಯಿಂದ ಗುಂಡನ ಹಿಂದೆ ತಟ್ಟೆ ಹಿಡಿದು ಮನೆಯೆಲ್ಲ ಓಡಿದ ಗಾಬರಿಗೆ ನಿಂತ ನೆಲವೇ ಜರುಗಿತು.

“ಮೊದಮೊದಲು ಏನೋ ಚುರುಕಿತ್ತು, ಇಲ್ಲ ಅನ್ನೋದಿಲ್ಲ,” ಗಂಡ ನ್ಯಾಯವಂತನಂತೆ ಮುಂದುವರಿಸಿದ. “ಆಮೇಲಾಮೇಲೆ ಸೊಂಟ ದಪ್ಪ ಆಗಿ ಬಗ್ಗೋಕೂ ಆಗ್ತಿರಲಿಲ್ಲ. ಕೈಗೆ ಬಂದದ್ದೆಲ್ಲ ಬಿಟ್ಟದ್ದೇ ಬಿಟ್ಟದ್ದು. ಆವಾಗಲೇ ಬದಲಾಯಿಸಿ ಚಿಕ್ಕ ವಯಸ್ಸಿನವರನ್ನ ತಂದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಅಪ್ಪ ಒಬ್ಬರೇ ಅಡ್ಡ.”

“ಬದಲಾಯಿಸಿ...” ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. “ಬದಲಾಯಿಸಿ ಅಂತ ಯಾರು ಹೇಳಿದ್ದು?”

“ಇಡೀ ಊರೇ ಹೇಳ್ತಿತ್ತು!”

ಅವಳು ಬಾಯಿಗೆ ಸೆರಗೊತ್ತಿಕೊಂಡು ಅಡುಗೆಮನೆಗೆ ಹೋಗಿ ಪಾತ್ರೆಗಳ ಮಧ್ಯೆ ಕೂತುಬಿಟ್ಟಳು. ಗಂಡನಿಗೆ ಅರ್ಥವಾಗಲಿಲ್ಲ. ಹೆಂಡತಿಗೆ ಫುಟ್‌ಬಾಲಿನ ಬಗ್ಗೆ ಇಷ್ಟು ಅಭಿಮಾನವಿದೆಯೆಂದು ಅವನಿಗೆ ಅಂದೇ ಗೊತ್ತಾದದ್ದು.

ಮರುದಿನ ಸಂಜೆಯವರೆಗೆ ಗಂಡ ಹೆಂಡಿರ ನಡುವೆ ‘ಊಂ’, ‘ಊಹೂಂ’ ಬಿಟ್ಟು ಬೇರೆ ಮಾತಿಲ್ಲ. (ಗುಂಡನಿಗೆ ಮಾತು ಕಲಿಸಲು ಹೊರಟವರು ತಾವೇ ಅವನ ಭಾಷೆ ಕಲಿತಿದ್ದರು.) ಊರಿಗೆ ಊರೇ ತನ್ನ ಸೊಂಟದ ಬಗ್ಗೆ ಸಭೆ ಸೇರಿದ್ದನ್ನು ಊಹಿಸಿಕೊಳ್ಳುತ್ತ ಗಾಬರಿ ಕರಡಿನ ಮುಂದೆ ಕೂತಿದ್ದಳು. ಆಗ ಮಾವನ ಕೋಣೆಯಿಂದ ಒಂದು ಪುಟ್ಟ, ಸ್ಪಷ್ಟವಾದ, ಹೊಚ್ಚಹೊಸ ದನಿ ಕೇಳಿತು.

“ಅಮ್ಮಾ!”

ಕುರ್ಚಿ ಬಿತ್ತು, ಪೆನ್ನು ಹಾರಿತು, ಕರಡು ಚೆಲ್ಲಾಪಿಲ್ಲಿಯಾಯಿತು. ಎರಡೂ ತೋಳು ಚಾಚಿ “ನನ್ನ ಬಂಗಾರಾ!” ಎನ್ನುತ್ತ ಕೋಣೆಗೆ ನುಗ್ಗಿದಳು.

ಗುಂಡ ಅವಳತ್ತ ತಿರುಗಿಯೂ ನೋಡಲಿಲ್ಲ. ಅವನ ಬೆರಳು ಗೋಡೆಯತ್ತ ನೆಟ್ಟಿತ್ತು. ಗೋಡೆಯ ಮೇಲೆ ಒಂದು ಹಳೆಯ ಫೋಟೋ. ಫೋಟೋದಲ್ಲಿ ಒಬ್ಬ ಆಜಾನುಬಾಹು. ಬೂಟು ಉಜ್ಜುವ ಬ್ರಷ್ಷಿನಂಥ ಮೀಸೆ, ಎದೆಗವಚಿದ ಚೆಂಡು.

“ಅಮ್ಮ,” ಅಂದ ಗುಂಡ ಇನ್ನೊಮ್ಮೆ, ಆ ಮೀಸೆಯನ್ನು ಕುರಿತು.

ಮಾವ ನೆಲದ ಮೇಲೆ ಕೂತು ಆನಂದಬಾಷ್ಪ ಸುರಿಸುತ್ತಿದ್ದರು. “ಕೇಳಿದೆಯೇನಮ್ಮಾ! ಮಗು ತೀರ್ಪು ಕೊಟ್ಟುಬಿಡ್ತು!”

“ಮಾವ... ಇದು... ಇವರು ಯಾರು?”

“ನಮ್ ಕೀಪರ್ ಕಣಮ್ಮ! ಎಳೆಗೂಸನ್ನ ಎತ್ಕೊಂಡ ಹಾಗೆ ಚೆಂಡನ್ನ ಎದೆಗೆ ಅವಚಿಕೊಳ್ತಿದ್ದ. ಅದಕ್ಕೇ ಗ್ಯಾಲರಿಗೆ ಗ್ಯಾಲರಿಯೇ ‘ಅಮ್ಮಾ’ ಅಂತ ಕೂಗ್ತಿತ್ತು. ಮನೇಲಿ ಇಬ್ಬರು ಅಮ್ಮಂದಿರು ಇರೋವಾಗ ಗೊಂದಲ ಯಾಕೆ ಅಂತ ನಿನ್ನೆದುರು ನಾವು ಬರೀ ಕೀಪರ್ ಅಂತಿದ್ವಿ, ಹೆಸರು ಊರಿಗೆಲ್ಲ ಗೊತ್ತಿರೋದೇ. ನೀನೇ ‘ಅಮ್ಮ ಅಂತ ಹೇಳಿಕೊಡಿ’ ಅಂದಾಗ, ಆಹಾ, ಸೊಸೆ ನಮ್ಮ ಕಡೆ ಅಂತ ಎಷ್ಟು ಖುಷಿಯಾಯ್ತು ಗೊತ್ತಾ!”

ಗಾಬರಿ ಮಂಚದ ಅಂಚು ಹಿಡಿದು ಮೆಲ್ಲಗೆ ಕೂತಳು. ಸೊಂಟ ದಪ್ಪವಾದದ್ದು ಇವನದು. ಬದಲಾಯಿಸಬೇಕಾದದ್ದು ಇವನನ್ನು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹೊತ್ತು ಹೆತ್ತ ಮಗ ತಾಯಿಯ ಪಟ್ಟವನ್ನು ಒಂದು ಮೀಸೆಗೆ ಕಟ್ಟಿದ್ದ.

ಅಷ್ಟರಲ್ಲಿ ಗಂಡ ಬಂದ. ಮಗನ ಬಾಯಲ್ಲಿ ‘ಅಮ್ಮ’ ಕೇಳಿ ಬಾಗಿಲಿಗೊರಗಿ, “ಹೋಯ್ತು! ಮನೆ ಒಡೆದುಹೋಯ್ತು!” ಅಂದ. ಅತ್ತೆ ಅಡುಗೆಮನೆಯಿಂದ ಇಣುಕಿ, “ಮಗು ಮಾತಾಡ್ತಲ್ಲ, ಸಾಕು ಬಿಡಿ. ಅಮ್ಮನಿಗೆ ಮೀಸೆ ಇದ್ರೇನು, ಇಲ್ಲದಿದ್ರೇನು,” ಅಂದು ಒಳಗೆ ಹೋದರು.

ಗಾಬರಿ ಮಗನ ಮುಂದೆ ಮೊಣಕಾಲೂರಿ ಕೂತಳು. “ಪುಟ್ಟಾ, ಇಲ್ನೋಡು. ನಾನ್ಯಾರು?”

“ಊಂ,” ಅಂದ ಗುಂಡ.

“ಹಾಗಲ್ಲಮ್ಮ,” ಮಾವ ಗಂಟಲು ಸರಿಮಾಡಿಕೊಂಡರು. “ಚೆಂಡು ಹಿಡಿದವರು ಅಮ್ಮ. ಇಷ್ಟೇ ಅವನಿಗೆ ಗೊತ್ತಿರೋದು. ನೀನೂ ಹಿಡಿದು ತೋರಿಸಿದ್ರೆ...”

ಹೀಗೆ, ಜನ್ಮದಲ್ಲಿ ಒಮ್ಮೆಯೂ ಚೆಂಡು ಮುಟ್ಟದವಳು ಎರಡು ಕುರ್ಚಿಗಳ ನಡುವೆ ಸೆರಗು ಸಿಕ್ಕಿಸಿ ನಿಂತಳು. ಗಂಡ ದೂರದಿಂದ ಕತ್ತರಿಯ ಶೈಲಿಯಲ್ಲಿ ಓಡಿಬಂದು ಒದ್ದ.

“ಮೆತ್ತಗೆ ರೀ! ಹೆಂಡತಿ ನಾನು!”

“ಆಟದಲ್ಲಿ ಹೆಂಡತಿ ಗಿಂಡತಿ ಇಲ್ಲ!”

ಚೆಂಡು ಕಾಲ ಸಂದಿಯಲ್ಲಿ ನುಸುಳಿತು. “ಊಹೂಂ,” ಅಂದ ಮಗ. ಇನ್ನೊಂದು ಕಿವಿಯ ಪಕ್ಕದಲ್ಲಿ ಹೋಯಿತು. “ಊಹೂಂ.” ಗಾಬರಿಯ ಕಣ್ಣಲ್ಲಿ ನೀರು ತುಂಬಿತು. ಮತ್ತೆ ಚೆಂಡು ಬಂತು. ಅವಳು ಕಣ್ಣು ಮುಚ್ಚಿ, ದೇವರ ಮೇಲೆ ಭಾರ ಹಾಕಿ, ಪಕ್ಕಕ್ಕೆ ಹಾರಿದಳು. ಮೊಣಕೈ ತರಚಿತು, ಕುರ್ಚಿ ಮಗುಚಿತು, ಆದರೆ ಚೆಂಡು ಎದೆಯ ಮೇಲಿತ್ತು.

“ಅಮ್ಮಾ!” ಗುಂಡ ಕೇಕೆ ಹಾಕಿ ಓಡಿಬಂದು ಅಪ್ಪಿಕೊಂಡ. (ಚೆಂಡನ್ನು. ಆದರೂ ಚೆಂಡು ಅವಳ ತೋಳಲ್ಲೇ ಇತ್ತಲ್ಲ.)

ಮುಂದಿನದ್ದು ಕೈತಪ್ಪಿತು. “ಊಹೂಂ.” ಮಾತೃತ್ವ ರದ್ದು.

ಆಗ ಅವಳು ಎದ್ದಳು, ಫ್ರಿಜ್ಜಿನ ಮುಂದೆ ನಿಂತಳು, ಕೊನೆಯ ಅಂಕಿಯನ್ನೂ ಒತ್ತಿಯೇಬಿಟ್ಟಳು.

“ಹೇಳಿ, ಮಗು ‘ಅಮ್ಮ’ ಅನ್ನುತ್ತಾ?” ಡಾಕ್ಟರಮ್ಮನ ಮೊದಲ ಪ್ರಶ್ನೆಯೇ ಅದು.

“ಅನ್ನುತ್ತೆ ಡಾಕ್ಟರೇ. ಆದರೆ... ಚೆಂಡು ಹಿಡಿದರೆ ಮಾತ್ರ. ಇಲ್ಲದಿದ್ರೆ ಫೋಟೋದಲ್ಲಿರೋ ಮೀಸೆಯವರಿಗೆ ಅನ್ನುತ್ತೆ.”

ಗಾಬರಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಇನ್ನೇನು ದೊಡ್ಡ ಕಾಯಿಲೆಯ ಹೆಸರು ಬರುತ್ತದೆ.

“ಯಾರು, ನಮ್ ತಂಡದ ಹಳೇ ಕೀಪರ್ ಅಮ್ಮನಾ?” ಡಾಕ್ಟರಮ್ಮನ ದನಿಯೇ ಬದಲಾಗಿತ್ತು. “ಮಗು ಬಗ್ಗೆ ಏನೂ ಗಾಬರಿ ಬೇಡ, ಒಂದು ಮಾತು ಬಂತಲ್ಲ, ಉಳಿದದ್ದೂ ಬರುತ್ತೆ. ಒಮ್ಮೆ ಕರ್ಕೊಂಡು ಬನ್ನಿ, ನೋಡೋಣ. ಆದರೆ ಆ ಫೋಟೋ ಮೊದಲು ತೆಗೀರಿ! ಕತ್ತರಿಯಂಥ ಕತ್ತರಿ ಇರೋವಾಗ ಯಾರಾದ್ರೂ ಮಕ್ಕಳಿಗೆ ಅಮ್ಮನ್ನ ತೋರಿಸ್ತಾರೇನ್ರೀ? ನಿಂತಲ್ಲೇ ನಿಂತು ಬಂದದ್ದು ಹಿಡ್ಕೊಳ್ಳೋದು ಒಂದು ಆಟಾನಾ?”

ಗಾಬರಿಗೆ ಏನಾಯಿತೋ. ತರಚಿದ ಮೊಣಕೈ ಉರಿಯಿತು, ಮೈಯೆಲ್ಲ ಬಿಸಿಯಾಯಿತು.

“ನಿಂತಲ್ಲೇ ನಿಲ್ಲೋದಾ? ಒಂದ್ಸಲ ನಿಂತು ನೋಡಿ ಡಾಕ್ಟರೇ, ಗೊತ್ತಾಗುತ್ತೆ! ಓಡೋರಿಗೇನು, ಹತ್ತು ಸಲ ತಪ್ಪಿ ಒಂದ್ಸಲ ಹೊಡೆದರೂ ಹಾರ! ಹಿಡಿಯೋರು ಒಂದೇ ಒಂದ್ಸಲ ಬಿಟ್ಟರೂ ‘ಊಹೂಂ’!”

ಹಿಂದೆ ಮಾವ ಕುರ್ಚಿಯಿಂದ ಎದ್ದು ನಿಂತರು. ಗಂಡನ ಕೈಯಿಂದ ಚೆಂಡು ಜಾರಿತು.

“ಮಕ್ಕಳ ಮಾತಿನ ವಿಷಯ ನಿಮಗೆ ಗೊತ್ತಿರಬಹುದು,” ಊರಿಗೆಲ್ಲ ಕೇಳುವಂತೆ ಗಾಬರಿ ಫೋನಿನಲ್ಲಿ ಗುಡುಗಿದಳು, “ಅಮ್ಮನ ವಿಷಯಕ್ಕೆ ಮಾತ್ರ ಬರಬೇಡಿ!”