ಮಾವಿನ ತೋಪಿನ ಮೂರು ಗುಡಿಸಲು

ನೆಂಟರು ಬಂದರೆ ನಾಲ್ಕು ರೊಟ್ಟಿ ಹೆಚ್ಚು ತಟ್ಟಿದರೆ ಮುಗಿಯಿತು. ಬಾಡಿಗೆ ಕೊಟ್ಟು ಬಂದ ಅತಿಥಿಗಳ ಕತೆಯೇ ಬೇರೆ. ಅವರಿದ್ದಷ್ಟು ದಿನವೂ ನನ್ನ ಎದೆ ಒಮ್ಮೆಯಾದರೂ ಧಸಕ್ಕೆನ್ನದೆ ಹೊತ್ತು ಮುಳುಗುತ್ತಿರಲಿಲ್ಲ.

ಹೈದರಾಬಾದು ಸಂಸ್ಥಾನದ ಮೇಲಿನ ಪೊಲೀಸ್ ಆ್ಯಕ್ಷನ್ ಮುಗಿದು ಊರು ತಣ್ಣಗಾದ ಮೇಲಿನ ಮಾತು. ಮಾವು ಹೂಬಿಡುವ ಕಾಲಕ್ಕೆ ಪಟ್ಟಣದ ಮಂದಿ ಬಂದು ನಾಲ್ಕು ದಿನ ಇರಲೆಂದು, ನಿಲಂಗಾದಿಂದ ಉದಗೀರಕ್ಕೆ ಹೋಗುವ ದಾರಿಯ ನಮ್ಮ ತೋಪಿನಲ್ಲಿ ಮೂರು ಗುಡಿಸಲು ಹಾಕಿಸಿದ್ದೆ. ನನ್ನ ಭಾವನವರಿಗೆ ಇದು ಸೇರಲಿಲ್ಲ. ನಾನು ಅಲ್ಲೇ ನಿಂತಿದ್ದರೂ ತಮ್ಮನ ಹೆಂಡತಿಯೊಡನೆ ನೇರ ಮಾತಾಡುವ ರೂಢಿಯಿಲ್ಲವಲ್ಲ, ನನ್ನ ಗಂಡನಿಗೆ ಹೇಳಿದರು: "ತಮ್ಮಾ, ಆಕಿಗಿ ಹೇಳು. ಯುಗಾದಿತನಕ ನೋಡತೀನಿ. ಬಂದ ಮಂದಿ ಓಡಿ ಹೋದ್ರ ಗುಡಿಸಲಾ ಕೆಡವಿ ಬದನಿಕಾಯಿ ಹಚ್ಚತೀನಿ."

ಬಾಗಿಲು

ಮೊದಲು ಬಂದವರು ನಿವೃತ್ತ ತಹಶೀಲ್ದಾರರು. ಹೋಳಿಯ ಮರುದಿನ ಬೆಳಿಗ್ಗೆ ಚಹಾ ಒಯ್ದರೆ ಗುಡಿಸಲಿಗೆ ಬಾಗಿಲೇ ಇಲ್ಲ! ಅವರು ಕಂಬಳಿ ಹೊದ್ದು ಹಾಸಿಗೆಯ ನಡುವೆ ಕೂತಿದ್ದರು.

"ಕಳ್ಳರು ರೊಕ್ಕಾ ಒಯ್ದದ್ದು ಕೇಳೀನವ್ವಾ, ಬಾಗಲಾ ಒಯ್ದದ್ದು ಕೇಳಿರಲಿಲ್ಲ!"

ಹೋಳಿಯ ಬೆಂಕಿಗೆ ಕಟ್ಟಿಗೆ, ಕುಳ್ಳು ಕದ್ದರೆ ನಮ್ಮಲ್ಲಿ ಯಾರೂ ತಪ್ಪೆನ್ನುವುದಿಲ್ಲ. ಆದರೆ ಒಳಗೆ ಮನುಷ್ಯ ಮಲಗಿರುವಾಗ ಬಾಗಿಲು ಕದಿಯುವುದೇ? ಊರಿನವರನ್ನು ತರಾಟೆಗೆ ತೆಗೆದುಕೊಂಡೆ. ಒಬ್ಬ ಕೈಮುಗಿದು ಹೇಳಿದ: "ಸಿಟ್ಟಾಗಬ್ಯಾಡ್ರಿ ಅಕ್ಕಾ. ಸಾಹೇಬರು ಗೊರಕಿ ಹೊಡೀಲಾಕತ್ತಿದ್ರು. ಅವರಿಗಿ ತ್ರಾಸ ಆಗಬಾರದಂತ ಸಪ್ಪಳ ಇಲ್ದಂಗ ಕಿತ್ತೀವಿ."

ಕುರಿ

ಆಮೇಲೆ ಬಂದವರು ಸೋಲಾಪುರದ ಒಬ್ಬ ಮಾಸ್ತರರು, ಹೊಸ ಹೆಂಡತಿಯೊಡನೆ. "ನಮಗ ಬ್ಯಾರೇನೂ ಬ್ಯಾಡ್ರಿ, ಏಕಾಂತ ಸಾಕು" ಎಂದಿದ್ದರು.

ಸುಗ್ಗಿ ಮುಗಿದ ಹೊಲದಲ್ಲಿ, ತೋಪಿನಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿಮಂದೆ ಕೂಡಿಸುತ್ತೇವೆ. ಕುರಿಗಳನ್ನು ಎಣಿಸಿ ಕುರುಬನಿಗೆ ಜೋಳ ಅಳೆದು ಕೊಡುತ್ತೇವೆ. ಭಾವನವರು ಆ ಸಲ ಕುರುಬನಿಗೆ ಯಾವಾಗ ಹೇಳಿದರೋ, ನನಗೆ ಗೊತ್ತಿಲ್ಲ. ಬೆಳಗಾದರೆ ಗುಡಿಸಲ ಸುತ್ತ ಕುರಿಯೇ ಕುರಿ! ಬಾಗಿಲು ನೂಕಲೂ ಜಾಗವಿಲ್ಲ. ಒಳಗೆ ಮಾಸ್ತರರ ಹೆಂಡತಿಯ ಅಳು.

"ಒಳಗ ಮಂದಿ ಅದಾರೋ ಮಾರಾಯಾ!" ಎಂದು ಕಿರುಚಿದೆ.

ಹಣೆ ತುಂಬ ಬೀರಪ್ಪನ ಅರಿಶಿನದ ಭಂಡಾರ ಹಚ್ಚಿಕೊಂಡ ಕುರುಬಜ್ಜ ತಣ್ಣಗೆ ಹೇಳಿದ: "ಗೊತ್ತದವ್ವಾ. ಆ ಇಬ್ಬರ ಜೋಳಾ ನಾ ಕೇಳಾಂಗಿಲ್ಲ."

ಕೈ

ಮಾಸ್ತರರು ಅಂದೇ ಬಸ್ಸು ಹತ್ತಿದರು. ತಹಶೀಲ್ದಾರರು ಮೊದಲೇ ಹೋಗಿದ್ದರು. ಭಾವನವರು ಬದನೆ ಬೀಜ ತಂದಿಟ್ಟರು. ನನಗೆ ಅಳುವೇ ಬಂತು. ಉಳಿದವರು ಮೂರನೆಯ ಗುಡಿಸಲಿನಲ್ಲಿದ್ದ ಹೈದರಾಬಾದಿನ ವಕೀಲರು ಮತ್ತು ಅವರ ಹೆಂಡತಿ. ಇವರಾದರೂ ಖುಷಿಯಿಂದ ಇರಲೆಂದು ವಕೀಲರನ್ನು ನನ್ನ ಗಂಡನ ಜೊತೆ ದೇವಣಿಯ ದನದ ಬಜಾರು ನೋಡಲು ಕಳಿಸಿದೆ.

ಸಂಜೆ ನೋಡಿದರೆ ವಕೀಲರ ಕೈಯಲ್ಲಿ ಹಗ್ಗ, ಹಗ್ಗದ ಕೊನೆಯಲ್ಲಿ ಗುಡ್ಡದಂಥ ಎತ್ತು!

"ನಾ ಎಲಿ ಅಡಕಿ ತರಲಾಕ ಹೋಗಿದ್ದೆ, ಅಷ್ಟರಾಗ…" ಎಂದು ನನ್ನ ಗಂಡ ತಲೆ ತುರಿಸಿಕೊಂಡ.

ದನದ ಬಜಾರಿನಲ್ಲಿ ಬಾಯಿಂದ ಬೆಲೆ ಹೇಳುವುದಿಲ್ಲ. ದಲ್ಲಾಳಿ ಟವೆಲಿನ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ವ್ಯಾಪಾರ ಮಾಡುತ್ತಾನೆ. ಹಿಡಿದ ಕೈ ಬಿಡದಿದ್ದರೆ ಬೆಲೆ ಒಪ್ಪಿದಂತೆ, ಎತ್ತಿಗೆ ಗುಲಾಲು ಹಚ್ಚಿದರೆ ಮಾರಾಟ ಮುಗಿದಂತೆ. ಪಟ್ಟಣದಲ್ಲೇ ಬೆಳೆದ ವಕೀಲರಿಗೆ ಇದು ಗೊತ್ತಿಲ್ಲ.

"ಎಂಥಾ ಪ್ರೀತಿ ಮಂದೀರಿ!" ಎಂದರು ವಕೀಲರು. "ಗುರುತಿಲ್ಲ, ಪರಿಚಯ ಇಲ್ಲ, ಒಬ್ಬಾಂವ ಬಂದು ಕೈ ಹಿಡದಾ. ನಾನೂ ಬಿಡದ ಗಟ್ಟಿ ಹಿಡದೆ. ನೋಡಿದ್ರ ಎತ್ತಿಗಿ ಗುಲಾಲು ಹಚ್ಚಿ ನನ್ನ ಕೈಯಾಗ ಹಗ್ಗಾ ಕೊಟ್ರು! ಅಷ್ಟು ಮಂದಿ ಎದುರು ವಕೀಲ ಆದಂವಾ ಮಾತು ಹ್ಯಾಂಗ ಮುರೀಲಿ?"

"ಅಂಗಿ ಅರಿವಿ ತರಬೇಕಾದ್ರೂ ನನ್ನ ಕೇಳತಿದ್ರು! ಇದನ್ನ ಹೈದರಾಬಾದಿಗಿ ಒಯ್ಯಾಂಗಿಲ್ಲ, ಇಲ್ಲೇ ಬಿಡಬೇಕು!" ಎಂದು ಅವರ ಹೆಂಡತಿ ಕಟ್ಟೆಯ ಮೇಲೆ ಕುಸಿದರು. ಇವರೂ ನಾಳೆ ಹೊರಡುತ್ತಾರೆ, ನನ್ನ ಗುಡಿಸಲುಗಳ ಕತೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಭಾವನವರು ಬಂದರು. ಎತ್ತಿನ ಹಲ್ಲು ನೋಡಿದರು, ಡುಬ್ಬ ಸವರಿದರು, ಸುತ್ತ ಒಂದು ಸಲ ನಡೆದರು. ಕೊನೆಗೆ ನನ್ನ ಗಂಡನನ್ನು ಪಕ್ಕಕ್ಕೆ ಕರೆದರು.

"ತಮ್ಮಾ, ಆಕಿಗಿ ಹೇಳು, ಗುಡಿಸಲಾ ಇರಲಿ. ಈ ಎತ್ತಿಗಿ ಜೋಡಿ ಬೇಕು. ಮುಂದಿನ ಬಜಾರತನಕ ವಕೀಲ ಸಾಹೇಬರನ್ನ ಹೋಗಗೊಡಬ್ಯಾಡ್ರಿ."