ಟೀವಿಗೊಂದು ಚೆಕ್ಕುಬಂದಿ

ಕೊಡಿಗೇಹಳ್ಳಿಯ ಬ್ಯಾಟರಾಯಪ್ಪ ಮತ್ತು ಮುನಿಯಲ್ಲಪ್ಪ ಎಂಬ ಅಣ್ಣತಮ್ಮಂದಿರು ಮನೆ, ಬಾವಿ, ತೆಂಗಿನಮರಗಳನ್ನೆಲ್ಲ ಭಾಗ ಮಾಡಿಕೊಂಡ ಮೇಲೆ ಹಾಲ್‌ನಲ್ಲಿದ್ದ ಟೀವಿಯೊಂದೇ ಜಂಟಿ ಸ್ವತ್ತಾಗಿ ಉಳಿದಿತ್ತು. 2013ರ ಶ್ರಾವಣದಲ್ಲಿ ಸದರಿ ಟೀವಿಯ ನಟ್ಟನಡುವೆ, ಮೇಲಿಂದ ಕೆಳಕ್ಕೆ, ಹಸಿರು ಗೆರೆಯೊಂದು ತಾನಾಗಿಯೇ ಮೂಡಿತು. ದೇವರೇ ಭಾಗ ಮಾಡಿಕೊಟ್ಟ ಎಂದು ಇಬ್ಬರೂ ಕೈಮುಗಿದರು.

ಬ್ಯಾಟರಾಯಪ್ಪನ ಹೆಂಡತಿ ಮುನಿನಾರಾಯಣಮ್ಮ ಮಾತ್ರ ಹಣೆ ಹಣೆ ಚಚ್ಚಿಕೊಂಡಳು. ವರ್ಷಗಟ್ಟಲೆ ಎಳೆದಾಡಿದ ಧಾರಾವಾಹಿಯಲ್ಲಿ ಆ ಶುಕ್ರವಾರ ಮದುವೆ. ತಾಳಿ ಕಟ್ಟುವುದನ್ನು ಕಣ್ತುಂಬ ನೋಡಬೇಕೆಂದು ಅವಳು ಕಾದಿದ್ದಳು. ಇಂಥ ಹೊತ್ತಿಗೇ ಹಾಳಾದ ಗೆರೆ ಬರಬೇಕೆ!

ಎದುರು ಅಂಗಡಿಯ ಟೀವಿ ಮೆಕ್ಯಾನಿಕ್ ಜಿಯಾವುಲ್ಲಾ ಬಂದು ನೋಡಿದ. “ಒಳಗೆ ವೈರಿನ ಪಟ್ಟಿ ಲೂಸ್ ಆಗಿದೆ ಅಮ್ಮ. ಟೀ ಕುಡಿಯೋದ್ರೊಳಗೆ ಸರಿ ಮಾಡ್ತೀನಿ.”

“ಮುಟ್ಬೇಡ ಕಣಯ್ಯ, ಅದು ಗಡಿ!” ಎಂದು ಅಣ್ಣತಮ್ಮಂದಿರು ಒಟ್ಟಿಗೇ ಕೂಗಿದರು. ಭಾಗದ ವಿಷಯದಲ್ಲಿ ಅವರಿಗೆ ಒಮ್ಮತವಾದದ್ದು ಅದೇ ಮೊದಲು.

ಸರ್ವೆಯರ್ ಕಾಶಿನಾಥ ಟೇಪು ಹಿಡಿದು ಬಂದು ವಿಧಿವತ್ತಾಗಿ ಚೆಕ್ಕುಬಂದಿ ಸಾರಿದ: ಅಣ್ಣನ ಭಾಗಕ್ಕೆ ಪೂರ್ವಕ್ಕೆ ಹಸಿರು ಗೆರೆ, ಪಶ್ಚಿಮಕ್ಕೆ ಬೀರು, ಮೇಲೆ ದೇವರ ಪಟ, ಕೆಳಗೆ ಸ್ಟ್ಯಾಂಡು. ಒಬ್ಬರ ಭಾಗದ ದೃಶ್ಯವನ್ನು ಮತ್ತೊಬ್ಬರು ನೋಡತಕ್ಕದ್ದಲ್ಲ. ಗೆರೆಯಿಂದ ಎದುರು ಗೋಡೆಯವರೆಗೆ ಬೆಡ್‌ಶೀಟ್ ಕಟ್ಟತಕ್ಕದ್ದು. ಧ್ವನಿ ಮಾತ್ರ ಜಂಟಿ.

ಬುಧವಾರ ಚಿತ್ರವೂ ಸೊಟ್ಟಗಾಯಿತು. ತಮ್ಮನ ಕಡೆಯಿದ್ದ ಧಾರಾವಾಹಿಯ ಅತ್ತೆಯ ಮೂಗು ಉದ್ದಕ್ಕೆ ಎಳೆದುಕೊಂಡು ಗೆರೆ ದಾಟಿತು. “ಒತ್ತುವರಿ!” ಎಂದ ಬ್ಯಾಟರಾಯಪ್ಪ. ಕಾಶಿನಾಥ ಮತ್ತೆ ಬಂದು, ಮೂಗನ್ನು ಅಳೆದು, ಅದರ ತುದಿ ಅಣ್ಣನ ಸ್ವಾಧೀನದಲ್ಲಿದೆ ಎಂದು ದೃಢೀಕರಿಸಿದ. ಅತ್ತೆಯನ್ನು ಯಾರೂ ಕೇಳಲಿಲ್ಲ.

ಶುಕ್ರವಾರ ವರ ಮುನಿನಾರಾಯಣಮ್ಮನ ಭಾಗಕ್ಕೆ ಬಂದ. ವಧು ಬೆಡ್‌ಶೀಟಿನಾಚೆ, ಮುನಿಯಲ್ಲಪ್ಪನ ಹೆಂಡತಿ ರಾಧಾಮಣಿಯ ಪಾಲಿಗೆ. ವರ ತಾಳಿ ಹಿಡಿದ ಕೈಯನ್ನು ಗೆರೆಯಾಚೆ ಚಾಚಿದ.

“ರಾಧಾಮಣೀ, ಕಟ್ಟಿದ್ನೇನೇ?”

“ಅದು ನಮ್ಮ ಭಾಗ ಅಕ್ಕ. ನಿಮ್ಮ ಕಡೆ ಅವನ ಮುಖ ಎಂಗೈತೆ ಏಳಿ, ಆಮೇಲೆ ನೋಡಾಣ.”

ಅಷ್ಟರಲ್ಲಿ ಜಾಹೀರಾತು ಬಂತು. ಮುನಿನಾರಾಯಣಮ್ಮನಿಗೆ ರೇಗಿಹೋಯಿತು. ಸೆರಗು ಸಿಕ್ಕಿಸಿಕೊಂಡು ಹೋಗಿ ಜಿಯಾವುಲ್ಲಾನನ್ನು ಎಳೆದುತಂದಳು. “ಯಾರ್ ಏನಂದ್ರೂ ನಾನಿದೀನಿ. ತೆಗಿಯಪ್ಪ ಅದನ್ನ!”

ಜಾಹೀರಾತುಗಳು ಮುಗಿಯುವುದರೊಳಗೆ ಜಿಯಾವುಲ್ಲಾ ಟೀವಿಯ ಬೆನ್ನು ಬಿಚ್ಚಿ, ಪಟ್ಟಿ ಒತ್ತಿ, ಮತ್ತೆ ಮುಚ್ಚಿದ. ಗೆರೆ ಮಾಯ. ಮುನಿನಾರಾಯಣಮ್ಮ ಬೆಡ್‌ಶೀಟ್ ಕಿತ್ತೆಸೆದಳು. ವಧು, ವರ, ಮಂಟಪ ಎಲ್ಲವೂ ಇಡಿಯಾಗಿ ಕಂಡವು. ಅವಳ ಕಣ್ಣಲ್ಲಿ ನೀರು ಬಂತು.

ಆಗ ವರ ಒಂದು ಹೆಜ್ಜೆ ಬಲಕ್ಕೆ ಸರಿದ.

“ನೋಡ್ರೀ, ಗಂಡೂ ನಮ್ಮ ಕಡೆಗೇ ಬಂದ!” ಎಂದಳು ರಾಧಾಮಣಿ.

ಮುನಿನಾರಾಯಣಮ್ಮ ತಟ್ಟನೆ ಕಣ್ಣೊರೆಸಿಕೊಂಡಳು. “ಅಯ್ಯಯ್ಯೋ, ಗೆರೆ ಎಲ್ಲೋಯ್ತು? ಇಂಗೇ ಬಿಟ್ರೆ ನಾಳೆ ಮಂಟಪಾನೂ ಅವರ್ದೇ ಅಂತಾರೆ!” ಒಳಗೋಡಿ ಮಗಳು ಶಿಲ್ಪಳ ನೇಲ್‌ಪಾಲಿಶ್ ತಂದು, ಟೀವಿಯ ನಡುವೆ ತಾನೇ ಗೆರೆ ಎಳೆಯತೊಡಗಿದಳು. ಮತ್ತೆ ಒತ್ತುವರಿ ಆದೀತೆಂದು ಆವತ್ತೂ ಬಂದು ಕೂತಿದ್ದ ಕಾಶಿನಾಥ ಟೇಪು ಹಿಡಿದ. ಅಣ್ಣತಮ್ಮಂದಿರು ಆಚೆಗೊಬ್ಬ, ಈಚೆಗೊಬ್ಬ ನಿಂತು ಒಂದೊಂದು ಕಣ್ಣು ಮುಚ್ಚಿ ನೋಡಿದರು.

ಅಷ್ಟರಲ್ಲಿ ತಾಳಿ ಕಟ್ಟಿ ಮುಗಿದಿತ್ತು. ಯಾರೂ ನೋಡಲಿಲ್ಲ. ಎಲ್ಲರೂ ಗೆರೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದರು.

ನೆಟ್ಟಗಿತ್ತು.