ನೆಟ್ಟಗಿರುವ ಅರ್ಧ

ಮಧ್ಯಾಹ್ನದ ಊಟ ಮುಗಿದರೆ ಅರ್ಧಣ್ಣನಿಗೆ ಕೂತಲ್ಲೇ ತೂಕಡಿಕೆ. ಅಂದು ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿಗೆ ತಲೆ ಆನಿಸಿದಾಗ ಅವನ ಮೊಣಕೈ ಸ್ವಿಚ್ಚಿನ ಮೇಲೆ ಕೂತಿತು. ಬಟ್ಟೆ ತೂಗುಹಾಕುವ ಕಂಬಿ ಸದ್ದಿಲ್ಲದೆ ಸರಿಯುತ್ತ ಹೋಗಿ, ಕೊನೆಗೆ ಮೋಟಾರು ಸುಟ್ಟ ವಾಸನೆ ಬಿಟ್ಟು ನಿಂತಿತು.

ಕಂಬಿ ಬಾಗಿಲಿನಿಂದ ಎಡಗೋಡೆ ಹಿಡಿದು ಹೊರಟು, ಹಿಂಗೋಡೆ ಬಳಸಿ, ಬಲಗೋಡೆಗುಂಟ ಬಾಗಿಲಿಗೇ ಮರಳುತ್ತದೆ. ಅದರ ಮೇಲೆ ಬಾಗಿಲ ಎಡಬದಿಯಿಂದ ಶುರುವಾಗಿ ಒಂದರಿಂದ ಮುನ್ನೂರರವರೆಗೆ ಸಾಲಾಗಿ ನಂಬರು ಚೀಟಿಯ ಬಟ್ಟೆಗಳು. ಅರ್ಧಣ್ಣ ಒಂದರಿಂದ ಹುಡುಕಿದವನಲ್ಲ. ಸೀದಾ ನಡುವಿನ ಚೀಟಿ ನೋಡುವುದು, ಬೇಡದ ಅರ್ಧ ಕೈಬಿಡುವುದು, ಉಳಿದುದರ ನಡುವಿಗೆ ಹೋಗುವುದು. ಆ ಹೆಸರು ಬಂದದ್ದೇ ಹಾಗೆ.

ಅಷ್ಟರಲ್ಲಿ ಬ್ಯಾಂಡಿನ ತುತ್ತೂರಿಯವನು ಓಡಿಬಂದ. ಇನ್ನೂರ ಹತ್ತನೇ ನಂಬರಿನ ಕೋಟು ಬೇಕು, ಹೊರಗೆ ವ್ಯಾನು ಕಾಯುತ್ತಿದೆ. ಇನ್ನೊಬ್ಬ ಗಿರಾಕಿ ಬರಿಗೈಲಿ ಹೋದರೆ ನೀನೂ ಹೋಗು ಎಂದು ಮಾಲೀಕರು ಬೆಳಿಗ್ಗೆಯಷ್ಟೇ ಹೇಳಿದ್ದರು.

ಹಿಂಗೋಡೆಯ ನಡುವಿನ ಚೀಟಿ ಮೂವತ್ತು ಎಂದಿತು. ಇನ್ನೂರ ಹತ್ತು ದೊಡ್ಡದಲ್ಲವೇ ಎಂದು ಬಲಗೋಡೆಗೆ ನುಗ್ಗಿದ. ಬಾಗಿಲ ತನಕ ಬಂದರೂ ಸಿಕ್ಕಿದ್ದು ನೂರ ಎಂಬತ್ತು. ಎಲ್ಲ ಬಟ್ಟೆ ಕೆಳಗಿಳಿಸು ಎಂದು ಇಸ್ತ್ರಿಯವನು ಸಲಹೆ ಕೊಟ್ಟ. ಯಾವುದೋ ಒಂದು ಕರಿ ಕೋಟು ಕೊಟ್ಟು ಕಳಿಸು, ತುತ್ತೂರಿ ಊದುವಾಗ ಯಾರು ನೋಡ್ತಾರೆ ಎಂದರು ಬೆಳಿಗ್ಗೆಯಿಂದ ಅಲ್ಲೇ ಮೂಲೆಯಲ್ಲಿ ಕೂತಿದ್ದ ಮಾಲೀಕರ ಅತ್ತೆ. ತಾವು ಕೂತ ಕುರ್ಚಿಯಿಂದ ಮಾತ್ರ ಏಳಲಿಲ್ಲ.

ಗದ್ದಲ ಕೇಳಿ ಮಾಲೀಕರೂ ಬಂದು ನಿಂತರು. ಅರ್ಧಣ್ಣ ಬೆವರು ಒರೆಸಿಕೊಂಡು ಬಾಗಿಲ ಎಡಬದಿಯ ಮೊದಲ ಚೀಟಿ ನೋಡಿದ. ನೂರ ಎಂಬತ್ತೊಂದು. ಥಟ್ಟನೆ ಹೊಳೆಯಿತು.

"ಕಂಬಿ ತಿರುಗಿಬಿಟ್ಟಿದೆ ಸಾರ್. ಆದ್ರೂ ಎಲ್ಲಿ ಎರಡು ಭಾಗ ಮಾಡಿದ್ರೂ ಒಂದು ಅರ್ಧದಲ್ಲಿ ನಂಬರು ಸಾಲಾಗಿ ನೆಟ್ಟಗೇ ಇರುತ್ತೆ. ನಮ್ಮ ನಂಬರು ಅದರೊಳಗೆ ಬರುತ್ತಾ ನೋಡೋದು. ಬರದಿದ್ರೆ ಅದನ್ನ ಬಿಟ್ಟು ಇನ್ನೊಂದಕ್ಕೆ ಹೋಗೋದು."

ಬಲಗಡೆಯ ಅರ್ಧ ಮೂವತ್ತರಿಂದ ನೂರ ಎಂಬತ್ತರವರೆಗೆ ನೆಟ್ಟಗಿತ್ತು. ಇನ್ನೂರ ಹತ್ತಕ್ಕೆ ಅಲ್ಲಿ ಜಾಗವಿಲ್ಲ. ಎಡಗಡೆಯ ಅರ್ಧದ ನಡುವಿಗೆ ಹೋದ, ಇನ್ನೂರ ಐವತ್ತೈದು. ಹಾಗಾದರೆ ಬಾಗಿಲ ನೂರ ಎಂಬತ್ತೊಂದರಿಂದ ಇಲ್ಲಿಯವರೆಗೆ ನೆಟ್ಟಗಿದೆ, ಕೋಟೂ ಇದರೊಳಗೇ ಇದೆ. ಮತ್ತೆ ನಾಲ್ಕೈದು ಸಲ ಅರ್ಧ ಮಾಡಿ ಬೆಣ್ಣೆಯಿಂದ ಕೂದಲು ತೆಗೆದಂತೆ ಕೋಟು ತೆಗೆದ. ತುತ್ತೂರಿಯವನು ಅವನನ್ನು ಒಮ್ಮೆ ಅಪ್ಪಿಕೊಂಡು ವ್ಯಾನು ಹತ್ತಿದ.

ಮಾಲೀಕರು ಬೆನ್ನು ತಟ್ಟಿದರು. "ಭೇಷ್. ಕೆಲಸಕ್ಕೇನೂ ಭಯ ಇಲ್ಲ ನಿನಗೆ. ಅಂದ ಹಾಗೆ, ಕಂಬಿ ತಿರುಗಿದ್ದು ಹೇಗೆ?"

ಅತ್ತೆ ಕೂತಲ್ಲಿಂದಲೇ ಎಲ್ಲ ಹೇಳಿದರು, ಗೊರಕೆಯ ಸಮೇತ.

ಮಾಲೀಕರು ಅರ್ಧಣ್ಣನ ಕಡೆ ತಿರುಗಿದರು. "ನಿನ್ನ ಲೆಕ್ಕಾಚಾರ ಚೆನ್ನಾಗಿದೆ ಕಣಯ್ಯ. ನಿನ್ನ ದಿನದಲ್ಲಿ ನೆಟ್ಟಗಿರೋದು ಬೆಳಗಿನ ಅರ್ಧ. ನಾಳೆಯಿಂದ ಅಷ್ಟಕ್ಕೇ ಬಾ. ಸಂಬಳವೂ ಅಷ್ಟೇ."